ಮೂವತ್ತು ನಲವತ್ತರ ಕೌದಿ

ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಭೂಮಿ ಅಳೆದು ನಿವೃತ್ತನಾದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಇದೇ ಮೂಲ. ನಮ್ಮ ಬೀದಿಯವರು ನನ್ನನ್ನು ಎದುರಿಗೆ ‘ಸರ್ವೆ ಸಾಹೇಬ್ರು’ ಎಂದೂ ಬೆನ್ನ ಹಿಂದೆ ‘ಟೇಪು’ ಎಂದೂ ಕರೆಯುತ್ತಾರೆ. ನನಗೇನೂ ಬೇಸರವಿಲ್ಲ. ಬೇರೆಯವರು ಮನೆಯಿಂದ ಹೊರಡುವಾಗ ಕನ್ನಡಕ ಇದೆಯೇ ಎಂದು ಜೇಬು ತಟ್ಟಿಕೊಂಡರೆ, ನಾನು ನೂರಡಿ ಟೇಪು ಇದೆಯೇ ಎಂದು ಹೆಗಲ ಚೀಲ ತಟ್ಟಿಕೊಳ್ಳುತ್ತೇನೆ. ಮಗಳ ಹೊಸ ಮನೆಗೆ ಮೊದಲ ಸಲ ಹೋದಾಗ ಅವಳ ಅಡುಗೆಮನೆ ನಕ್ಷೆಯಲ್ಲಿರುವುದಕ್ಕಿಂತ ಅರ್ಧ ಅಡಿ ಕಿರಿದಾಗಿದೆ ಎಂದು ಕಂಡುಹಿಡಿದು, ಬೀಗರು ಕಾಫಿ ಕುಡಿಯುತ್ತಿರುವಾಗಲೇ ಪ್ರಕಟಿಸಿದ್ದೆ. ಆ ಕಾಫಿ ಅವರಿಗೆ ರುಚಿಸಲಿಲ್ಲ.

ನನ್ನಾಕೆಗೆ ಅಳತೆಯ ಹುಚ್ಚಿಲ್ಲ. ಅವಳದು ಬಟ್ಟೆಯ ಹುಚ್ಚು. ಟೈಲರ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡುಗಳನ್ನು ತಂದು, ಒಗೆದು, ಬಣ್ಣ ನೋಡಿ ಜೋಡಿಸಿ, ಕೌದಿ ಹೊಲಿದು ಬೇಕಾದವರಿಗೆ ಸುಮ್ಮನೆ ಕೊಟ್ಟುಬಿಡುತ್ತಾಳೆ. ಬೀದಿಯ ಐದು ಜನ ಹೆಂಗಸರು ಮಧ್ಯಾಹ್ನದ ಹೊತ್ತು ನಮ್ಮ ಮುಂದಿನ ಕೋಣೆಯಲ್ಲಿ ಸೇರಿ ಅವಳ ಜೊತೆ ಹೊಲಿಯುತ್ತಿದ್ದರು. ನಾನು ಆ ಕೋಣೆಯನ್ನು ‘ಚಿಂದಿ ಕಚೇರಿ’ ಎನ್ನುತ್ತಿದ್ದೆ. ಅದು ತಮಾಷೆ ಎಂದು ನಾನು ತಿಳಿದಿದ್ದೆ.

ಎರಡು ವರ್ಷದ ಹಿಂದೆ ಅವಳು ಆರು ಪುಟ್ಟ ಕೌದಿ ಹೊಲಿದು ಹೆರಿಗೆ ಆಸ್ಪತ್ರೆಗೆ ಕೊಂಡೊಯ್ದಿದ್ದಳು. ಅಲ್ಲಿಯ ದೊಡ್ಡ ಡಾಕ್ಟರು ಎರಡು ಬೆರಳಲ್ಲಿ ಒಂದರ ತುದಿ ಎತ್ತಿ ನೋಡಿ, “ಮೂವತ್ತಾರು ತೊಟ್ಟಿಲಿಗೆ ಆರು ಚಿಂದಿ ಇಟ್ಕೊಂಡು ನಾನೇನಮ್ಮ ಮಾಡ್ಲಿ? ಒಂದು ಮಗುಗೆ ಕೊಟ್ಟು ಇನ್ನೊಂದಕ್ಕೆ ಇಲ್ಲ ಅನ್ಲಾ? ಮನೇಲಿ ಹೊತ್ತು ಹೋಗದೋರು ಮಾಡೋ ಕೆಲಸ ಇದು,” ಎಂದರಂತೆ. ಅವಳು ಆರನ್ನೂ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದಳು. ಟ್ರಂಕು ತೆಗೆದಳು, ಹಾಕಿದಳು, ಮುಚ್ಚಿದಳು. ಆ ದಿನ ನಾನು ತಮಾಷೆ ಮಾಡಲಿಲ್ಲ. ಮರುದಿನ ಮಾಡಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವಳ ಫೋನು ಹೊಡೆದುಕೊಂಡಿತು. ಅವಳ ಕೈ ಮೊಣಕೈವರೆಗೆ ಸೋಪಿನ ನೀರಿನಲ್ಲಿತ್ತು. “ರೀ, ಸ್ವಲ್ಪ ತಗೊಳ್ಳಿ. ಏನು ಹೇಳ್ತಾರೋ ಬರ್ಕೊಳ್ಳಿ,” ಎಂದಳು.

“ಅಮ್ಮ ಇಲ್ವಾ? ನಾನು ಹೆರಿಗೆ ಆಸ್ಪತ್ರೆ ದೊಡ್ಡ ಸಿಸ್ಟರು,” ಎಂದಿತು ಆ ಕಡೆಯ ದನಿ.

“ನಾನು ಅವರ ಯಜಮಾನ. ಹೇಳಿ.”

“ಹೊಸ ವಾರ್ಡು ಇನ್ನು ಮೂರು ತಿಂಗಳಿಗೆ ಶುರು ಸಾರ್. ಅದಕ್ಕೆ ಕೌದಿ ಬೇಕು. ನಾನು ಡಾಕ್ಟರ ಹತ್ರ ಬಹಳ ಹೇಳಿ ಒಪ್ಪಿಸಿದೀನಿ. ಅಳತೆ ಬರ್ಕೊಳ್ಳಿ. ಮೂವತ್ತು ನಲವತ್ತು.”

ಅಳತೆ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

“ಎಲ್ಲಾ ತೊಟ್ಟಿಲಿಗೂ ಸಾಲಬೇಕು ಸಾರ್. ಒಂದಕ್ಕಿದೆ ಒಂದಕ್ಕಿಲ್ಲ ಅಂದ್ರೆ ಡಾಕ್ಟರು ಈ ಸಲಾನೂ ವಾಪಸ್ ಕಳಿಸ್ತಾರೆ. ಇನ್ನೊಂದು ಸಲ ಕೇಳೋಕೆ ನನ್ನ ಕೈಲಾಗಲ್ಲ. ಅಮ್ಮನಿಗೆ ಹೇಳಿಬಿಡಿ.”

“ಆಗ್ಲಿ. ನಲವತ್ತು ಯಾವ ಕಡೆಗೆ ಬರತ್ತೆ? ಪೂರ್ವ ಪಶ್ಚಿಮಕ್ಕೋ, ಉತ್ತರ ದಕ್ಷಿಣಕ್ಕೋ?”

“ಉದ್ದಕ್ಕೆ ಸಾರ್,” ಎಂದು ಸಿಸ್ಟರು ಫೋನಿಟ್ಟರು.

ನಾನು ಚೀಟಿಯ ಮೇಲೆ ದುಂಡಗೆ ಬರೆದೆ: ಅಗಲ ಮೂವತ್ತು ಅಡಿ, ಉದ್ದ ನಲವತ್ತು ಅಡಿ. ಕೆಳಗೆ ಸಹಿಯನ್ನೂ ಹಾಕಿದೆ.

ಓದುತ್ತಿರುವವರಿಗೆ ಈಗಾಗಲೇ ವಿಷಯ ತಿಳಿದಿರಬೇಕು. ಆಗ ತಾನೇ ಹುಟ್ಟಿದ ಮಗುವಿನ ಹೊದಿಕೆಯನ್ನು ಇಂಚಿನಲ್ಲಿ ಅಳೆಯುತ್ತಾರೆ ಎಂಬುದು, ಜೀವನದಲ್ಲಿ ಒಂದೇ ಒಂದು ಮಗುವನ್ನು ಕಂಡವರಿಗೂ ಹೊಳೆಯುವಂಥ ಮಾತು. ನನಗೆ ಹೊಳೆಯಲಿಲ್ಲ. ಮೂವತ್ತೊಂದು ವರ್ಷ ನಾನು ಅಳೆದ ಮನೆ ಸೈಟುಗಳಲ್ಲಿ ಮುಕ್ಕಾಲು ಪಾಲು ಮೂವತ್ತು ನಲವತ್ತು. ನಿದ್ದೆಯಲ್ಲಿ ಯಾರಾದರೂ ಮೂವತ್ತು ಎಂದರೆ ನಾನು ನಲವತ್ತು ಎಂದು ಮಗ್ಗುಲು ಬದಲಿಸುತ್ತೇನೆ.

ನನ್ನಾಕೆ ಕೈ ಒರೆಸಿಕೊಂಡು ಬಂದು ಚೀಟಿ ಓದಿದಳು. ಎರಡು ಸಲ ಓದಿದಳು.

“ಅಡಿ ಅಂತ ಅವರು ಹೇಳಿದ್ರಾ?”

“ಮೂವತ್ತು ನಲವತ್ತು ಅಂದ್ಮೇಲೆ ಅಡಿಯಲ್ದೆ ಇನ್ನೇನೇ?”

“ಅವರು ಕೇಳಿದ್ದು ಕೌದಿನಾ, ಸೈಟಾ?”

“ನಿನಗೆ ಅರ್ಥ ಆಗ್ಲಿಲ್ಲ. ವಾರ್ಡೇ ಮೂವತ್ತು ನಲವತ್ತು ಇರತ್ತೆ. ನೆಲಕ್ಕೆ ಪೂರ್ತಿ ಒಂದೇ ಕೌದಿ ಹಾಸಿಬಿಟ್ರೆ ಎಲ್ಲಾ ತೊಟ್ಟಿಲಿಗೂ ಸಾಲ್ತು ತಾನೇ? ಒಂದಕ್ಕಿದೆ ಒಂದಕ್ಕಿಲ್ಲ ಅನ್ನೋ ಮಾತೇ ಇಲ್ಲ. ಆ ಡಾಕ್ಟರು ತಲೆ ಇರೋ ಮನುಷ್ಯ ಕಣೇ!”

ಅವಳು ನನ್ನನ್ನು ನೋಡಿದಳು. ಗೋಡೆ ಗಡಿಯಾರ ನಡೆಯುತ್ತಿದೆಯೋ ನಿಂತಿದೆಯೋ ಎಂದು ನೋಡುವ ಹಾಗೆ ನೋಡಿದಳು. ಫೋನು ಅವಳ ಕೈಯಲ್ಲೇ ಇತ್ತು. ಒಂದು ಸಲ ಅದರತ್ತ ನೋಡಿ, ಏನೋ ಯೋಚಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಸರಿ,” ಎಂದಳು. “ಆದ್ರೆ ಅಷ್ಟು ದೊಡ್ಡದಕ್ಕೆ ಬಟ್ಟೆ ಎಲ್ಲಿಂದ ಬರ್ಬೇಕು? ನನಗೆ ಗೊತ್ತಿರೋದು ಒಬ್ಬ ಟೈಲರು. ತಿಂಗಳಿಗೆ ಒಂದು ಚೀಲ ಕೊಟ್ರೆ ಹೆಚ್ಚು.”

“ಬಟ್ಟೆ ವಿಷಯ ನನಗೆ ಬಿಡು!” ಎಂದೆ.

ಮದುವೆಯಾದಂದಿನಿಂದ ಅವಳಿಗಾಗಿ ಒಂದು ದಾರದುಂಡೆಯನ್ನೂ ತಂದುಕೊಡದ ನನ್ನ ಬಾಯಲ್ಲಿ ಈ ಮಾತು ಹೇಗೆ ಬಂತೋ! ಅಳತೆಯ ಮಹಿಮೆ.

ನಮ್ಮ ಬೀದಿ ಮೂಲೆಯ ಟೈಲರು ಒಳ್ಳೆಯವನು. ನಾನು ಹೋದಾಗ ಯಾವುದೋ ಷರಟಿನ ಬಟ್ಟೆ ಕತ್ತರಿಸುತ್ತಿದ್ದ. “ಅಮ್ಮನ ಕೌದಿಗೆ ತಾನೇ ಸಾರ್? ಅಗೋ, ಆ ಚೀಲ ತಗೊಳ್ಳಿ,” ಎಂದ.

“ಸಾಲಲ್ಲ. ಇರೋದೆಲ್ಲ ಕೊಡು.”

“ಎಷ್ಟು ದೊಡ್ಡ ಕೌದಿ ಸಾರ್?”

“ಮೂವತ್ತು ನಲವತ್ತು. ಅಡಿ.”

ಕತ್ತರಿ ಬಟ್ಟೆಯ ನಡುವೆ ನಿಂತಿತು. “ಯಾರು ಸಾರ್ ಹೊದ್ಕೊಳ್ಳೋದು?”

“ಮಕ್ಕಳು.”

“ಮಕ್ಕಳು… ಎಷ್ಟು ದೊಡ್ಡೋರು ಸಾರ್?”

“ಹುಟ್ಟಿ ಒಂದು ದಿನ ಆಗಿರತ್ತೆ.”

ಅವನು ಕತ್ತರಿ ಕೆಳಗಿಟ್ಟು, ಒಳಗೆ ಹೋಗಿ, ಮೇಜಿನ ಅಡಿ, ಅಟ್ಟದ ಮೇಲೆ, ಬಾಗಿಲ ಹಿಂದೆ ಇದ್ದ ಚೀಲಗಳನ್ನೆಲ್ಲ ತಂದು ನನ್ನ ಸ್ಕೂಟರಿನ ಮೇಲೆ ಹೇರಿದ. ಒಟ್ಟು ಏಳು. ಹೊರಡುವಾಗ, “ಸಾರ್, ಬಿಸಿಲಲ್ಲಿ ಜಾಸ್ತಿ ತಿರುಗಬೇಡಿ,” ಎಂದು ಕಳಕಳಿಯಿಂದ ಹೇಳಿದ.

ಆಮೇಲೆ ನಾನು ನಿಲ್ಲಲಿಲ್ಲ. ಊರಿನ ಟೈಲರುಗಳ ಪಟ್ಟಿ ಮಾಡಿ, ನಕ್ಷೆ ಬರೆದು, ವಾರ್ಡುವಾರು ಹಂಚಿಕೊಂಡು ಹೊರಟೆ. ಶಾಲೆ ಸಮವಸ್ತ್ರ ಹೊಲಿಯುವವರು, ಕಿಟಕಿ ಪರದೆ ಹೊಲಿಯುವವರು, ಆಫೀಸಿನ ಕುರ್ಚಿಗೆ ಕವರು ಹಾಕುವವರು, ದಿಂಬಿನ ಅಂಗಡಿಯವರು, ಯಾರನ್ನೂ ಬಿಡಲಿಲ್ಲ. ಒಂದೇ ಪ್ರಶ್ನೆಗೆ ನೂರು ಸಲ ಉತ್ತರ ಕೊಟ್ಟೆ. ಕೆಲವರು ಕೈಮುಗಿದು ಕೊಟ್ಟರು, ಕೆಲವರು ನಗು ತಡೆಯಲಾಗದೆ ಕೊಟ್ಟರು, ಇನ್ನು ಕೆಲವರು ನಾನು ಬೇಗ ಹೋಗಲಿ ಎಂದು ಕೊಟ್ಟರು. ನಾನು ತಂದ ಚೀಲಗಳನ್ನು ನನ್ನಾಕೆ ಹಿತ್ತಲಲ್ಲಿ ಸುರಿದು, ಹತ್ತಿ ಬಟ್ಟೆಯನ್ನಷ್ಟೇ ಆರಿಸಿ, ಜಾರುವಂಥದ್ದನ್ನೆಲ್ಲ ಹಿಂದಕ್ಕೆ ಕಳಿಸುತ್ತಿದ್ದಳು. ಆರಿಸಿದ್ದನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಬೇಕು. ಕುದಿಯುವುದನ್ನು ಉದ್ದ ಕೋಲಿನಿಂದ ತಿರುವುವ ಹೊಣೆ ನನ್ನದು. ಎರಡನೇ ತಿಂಗಳ ಹೊತ್ತಿಗೆ ಬೀದಿಯಲ್ಲಿ ನನ್ನ ಹೆಸರೇ ಬದಲಾಗಿ ಹೋಯಿತು. ಟೇಪು ಹೋಗಿ ‘ಚಿಂದಿ ಸಾಹೇಬ್ರು’ ಆಯಿತು. ಆ ಮಾತು ತಮಾಷೆಯಲ್ಲ ಎಂದು ಆಗ ಗೊತ್ತಾಯಿತು.

ಪಕ್ಕದ ಮನೆಯ ಮೇಷ್ಟ್ರು, ಗಣಿತ ಕಲಿಸಿ ನಿವೃತ್ತರಾದವರು, ಕಾಂಪೌಂಡಿನ ಮೇಲೆ ಮೊಣಕೈ ಊರಿ ಇದನ್ನೆಲ್ಲ ನೋಡುತ್ತಿದ್ದರು.

“ಸಾಹೇಬ್ರೇ, ಸಾವಿರದ ಇನ್ನೂರು ಚದರಡಿ ಆಯ್ತಲ್ಲ. ಕೌದಿಗೆ ಒಂದು ಬಾಗಿಲು, ಎರಡು ಕಿಟಕಿ ಇಟ್ಟುಬಿಡಿ. ಬಾಡಿಗೆಗಾದ್ರೂ ಕೊಡಬಹುದು.”

“ನೋಡ್ತಾ ಇರಿ ಮೇಷ್ಟ್ರೇ,” ಎಂದೆ.

“ನೋಡ್ತಾನೇ ಇದೀನಿ. ಎರಡು ತಿಂಗಳಿಂದ ಬೇರೆ ಏನನ್ನೂ ನೋಡಿಲ್ಲ.”

ಮುಂದಿನ ಕೋಣೆಯಲ್ಲಿ ಆರು ಜನ ಇದ್ದವರು ಹದಿನಾಲ್ಕಾದರು. ಅಷ್ಟೊಂದು ಬಟ್ಟೆ ಬಂದ ಸುದ್ದಿ ಕೇಳಿ ಪಕ್ಕದ ಬೀದಿಯವರೂ ಸೂಜಿ ಹಿಡಿದು ಬಂದಿದ್ದರು. ಕುರ್ಚಿಗಳನ್ನು ಹೊರಗೆ ಹಾಕಿ ನೆಲದ ಮೇಲೆ ಚಾಪೆ ಹಾಸಿದೆವು. ಆ ಹನ್ನೆರಡು ಅಡಿ ಕೋಣೆಯಲ್ಲಿ ನಲವತ್ತು ಅಡಿಯ ಕೌದಿ ಹೊಲಿಯುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ ನನ್ನಾಕೆ, “ತುಂಡು ತುಂಡಾಗಿ ಹೊಲಿದು ಕೊನೇಲಿ ಕೂಡಿಸ್ತೀವಿ. ಹನ್ನೆರಡು ಸಾಲು, ಸಾಲಿಗೆ ಹನ್ನೆರಡು,” ಎಂದಳು. ನ್ಯಾಯವಾಗಿತ್ತು. ನಾನು ತಕ್ಷಣ ನನ್ನ ಸ್ಟೀಲ್ ಟೇಪು ಮುಂದೆ ಚಾಚಿದೆ.

“ಬೇಡ,” ಎಂದಳು. ಮೂಲೆಯಿಂದ ಎರಡು ಕೋಲು ತೆಗೆದಳು. ಒಂದು ಗಿಡ್ಡ, ಒಂದು ಉದ್ದ. ಎರಡರ ಮೇಲೂ ಒಂದು ಗೆರೆಯಿಲ್ಲ, ಒಂದು ಅಂಕಿಯಿಲ್ಲ. “ಅಗಲಕ್ಕೆ ಇದು. ಉದ್ದಕ್ಕೆ ಇದು.”

“ಎಷ್ಟಿದೆ ಇದು?”

“ಇಷ್ಟಿದೆ,” ಎಂದು ಕೋಲು ತೋರಿಸಿದಳು.

ಇಲಾಖೆಯಲ್ಲಿ ಇಂಥ ಕೋಲು ಹಿಡಿದು ಹೊಲಕ್ಕೆ ಇಳಿದಿದ್ದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು. ನನಗೆ ಅವಮಾನವಾಯಿತು. ಆ ಕೋಲುಗಳನ್ನು ಮುಟ್ಟುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

ಇನ್ನೂ ವಿಚಿತ್ರ ನಡೆಯುತ್ತಿತ್ತು. ಪ್ರತಿ ತುಂಡಿಗೂ ಅವರು ನಾಲ್ಕೂ ಕಡೆ ಅಂಚುಪಟ್ಟಿ ಕಟ್ಟುತ್ತಿದ್ದರು, ಮೂಲೆಗಳನ್ನು ಮಡಚಿ ಅಂದವಾಗಿ ಮುಗಿಸುತ್ತಿದ್ದರು.

“ಒಳಗೆ ಹೋಗೋ ಅಂಚಿಗೆ ಯಾಕೆ ಪಟ್ಟಿ? ದಾರ ದಂಡ, ಹೊತ್ತು ದಂಡ,” ಎಂದೆ.

“ಮಕ್ಕಳ ಕಾಲಿಗೆ ದಾರ ಸಿಕ್ಕಬಾರದು.”

“ನೆಲಕ್ಕೆ ಹಾಸೋ ಕೌದಿ ಕಣೇ ಇದು!”

ಹದಿನಾಲ್ಕು ತಲೆಗಳೂ ಒಟ್ಟಿಗೆ ಹೊಲಿಗೆಯತ್ತ ಬಗ್ಗಿದವು. ಹದಿನಾಲ್ಕು ಜೋಡಿ ಹೆಗಲು ಅಲುಗಿದವು. ಅದು ಗೌರವ ಎಂದುಕೊಂಡು ಹೊರಗೆ ಬಂದೆ.

ನನ್ನ ಉಪದೇಶ ಮಿತಿ ಮೀರಿತೇನೋ, ಒಂದು ದಿನ ನನ್ನಾಕೆ ನನ್ನ ಕೈಗೇ ಒಂದು ತುಂಡಿನ ಬಟ್ಟೆ, ಸೂಜಿ, ದಾರ ಕೊಟ್ಟಳು. “ಒಂದು ನೀವೂ ಹೊಲೀರಿ.” ನಾನು ಕೋಲು ಮುಟ್ಟದೆ, ಅನುಭವದ ಕಣ್ಣಳತೆಯಲ್ಲೇ ಕತ್ತರಿಸಿ ಕೂತೆ.

ಸೂಜಿಗೆ ದಾರ ಪೋಣಿಸಲು ಒಂದು ಮಧ್ಯಾಹ್ನ ಹಿಡಿಯಿತು. ಮೊದಲ ಸಾಲು ಹೊಲಿದು ಎತ್ತಿದರೆ ಕೌದಿಯ ಜೊತೆ ನನ್ನ ಪಂಚೆಯೂ ಎದ್ದು ಬಂತು. ಬೆರಳುಗಳಲ್ಲಿ ಚುಚ್ಚದ ಜಾಗ ಉಳಿಯಲಿಲ್ಲ. ನಾನು ಒಂದು ಹೊಲಿಗೆ ಹಾಕಿ ಉಸಿರು ಬಿಡುವಷ್ಟರಲ್ಲಿ ಪಕ್ಕದಲ್ಲಿ ಕೂತ ನನ್ನಾಕೆ, ಯಾರ ಮನೆಯದೋ ಸುದ್ದಿ ಹೇಳುತ್ತ, ಸೂಜಿಯ ಕಡೆ ನೋಡದೆ, ಒಂದು ಸಾಲು ಮುಗಿಸಿರುತ್ತಿದ್ದಳು. ನಾನು ಎಣಿಸಿದೆ. ಎಣಿಸುವುದೊಂದೇ ನನಗೆ ಬರುವ ವಿದ್ಯೆ. ಅವಳ ಒಂದು ಸಾಲಿಗೆ ನೂರೈವತ್ತು ಹೊಲಿಗೆ. ಒಂದು ತುಂಡಿಗೆ ನಲವತ್ತು ಸಾಲು. ಆರು ಸಾವಿರ! ನೂರ ನಲವತ್ತನಾಲ್ಕು ತುಂಡಿಗೆ ಎಷ್ಟು ಎಂದು ಕಾಗದದಲ್ಲಿ ಗುಣಿಸಿದೆ. ಎಂಟು ಲಕ್ಷದ ಅರವತ್ತನಾಲ್ಕು ಸಾವಿರ ಬಂತು. ತಪ್ಪಿರಬೇಕೆಂದು ಮೇಷ್ಟ್ರಿಗೆ ಕೊಟ್ಟೆ. ಅವರೂ ಗುಣಿಸಿ ನೋಡಿದರು. ಕನ್ನಡಕ ತೆಗೆದು ನಮ್ಮ ಕಿಟಕಿಯತ್ತ ನೋಡುತ್ತ, “ಸಾಹೇಬ್ರೇ, ನಾವು ಜೀವನದಲ್ಲಿ ಏನು ಮಾಡಿದ್ವಿ?” ಎಂದರು. ಅಂದಿನಿಂದ ನಾನು ಚಿಂದಿ ಎಂಬ ಮಾತನ್ನು ಬಾಯಿಗೆ ತರಲಿಲ್ಲ.

ತುಂಡುಗಳನ್ನು ಕೂಡಿಸುವ ದಿನ ಬಂತು. ಹದಿನಾಲ್ಕು ಜನರಲ್ಲಿ ಒಬ್ಬಳು ಧಾನ್ಯದ ಗೋದಾಮಿನಲ್ಲಿ ಮೂಟೆಗಳ ಬಾಯಿ ಹೊಲಿಯುವ ಕೆಲಸದವಳು. ಎಲ್ಲರೂ ಅವಳನ್ನು ಗೋದಾಮಿನಕ್ಕ ಎನ್ನುತ್ತಿದ್ದರು. ಅವಳು ಕೈಯಲ್ಲಿ ಹಿಡಿಯುವ ಆ ಪುಟ್ಟ ಮೂಟೆ ಮೆಷಿನ್ನನ್ನೇ ಕೇಳಿ ತಂದಿದ್ದಳು. ಮೇಷ್ಟ್ರ ಮಾಳಿಗೆಯ ಮೇಲೆ ಎರಡು ತುಂಡಿನ ಅಂಚುಗಳನ್ನು ಹಿಡಿದು ಗರ್ರೆಂದು ಕೆಂಪು ದಾರ ಓಡಿಸಿದಳು.

“ಏನಮ್ಮ ಇದು? ಅಕ್ಕಿ ಮೂಟೆ ಬಾಯಿಗೆ ಹಾಕೋ ಹೊಲಿಗೆ ಅಲ್ವಾ? ಒಂದು ತುದಿ ಎಳೆದ್ರೆ ಪೂರ್ತಿ ಬಿಚ್ಕೊಳ್ಳತ್ತೆ!”

“ಸರಿಯಾದ ತುದಿ ಎಳೆದ್ರೆ ಮಾತ್ರ ಅಣ್ಣ. ತಪ್ಪು ತುದಿ ಹಿಡಿದ್ರೆ ಎಷ್ಟು ಎಳೆದ್ರೂ ಬರಲ್ಲ.”

“ಯಾರಾದ್ರೂ ಸರಿಯಾದ ತುದೀನೇ ಎಳೆದುಬಿಟ್ರೆ?”

“ಯಾರು ಎಳೀತಾರೆ ಬಿಡಿ ಅಣ್ಣ,” ಎಂದು ಅವಳು ನನ್ನಾಕೆಯ ಮುಖ ನೋಡಿದಳು. ಮತ್ತೆ ಹದಿನಾಲ್ಕು ಜೋಡಿ ಹೆಗಲು ಅಲುಗಿದವು.

ಕೂಡಿಸಿದಷ್ಟನ್ನು ಸುರುಳಿ ಸುತ್ತುತ್ತ, ಸುರುಳಿ ಬೆಳೆದಂತೆ ನಾನು ಟೇಪು ಹಿಡಿದು ಅಳೆಯುತ್ತ ಹೋದೆ. ಕೊನೆಯ ಸಾಲು ಮುಗಿದಾಗ ಅಗಲ ಮೂವತ್ತು ಅಡಿ. ಉದ್ದ ನಲವತ್ತು ಅಡಿ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ! ಎರಡು ಬೋಳು ಕೋಲು ಹಿಡಿದು! ನಮ್ಮ ಇಲಾಖೆಯ ಎಂಜಿನಿಯರು ಕೂಡ ಇಷ್ಟು ನಿಖರವಾಗಿ ಯಾವುದನ್ನೂ ಮುಗಿಸಿದ್ದನ್ನು ನಾನು ಕಂಡಿಲ್ಲ. ನಾನು ಟೇಪನ್ನು ಮೆಲ್ಲಗೆ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಆಸ್ಪತ್ರೆಗೆ ಸಾಮಾನು ಆಟೋದಲ್ಲಿ ಸುರುಳಿ ಮಡಚಿಕೊಂಡು ಹೋಯಿತು, ಹಿಂದೆಯೇ ಬಸ್ಸಿನಲ್ಲಿ ಹೆಂಗಸರು, ಮೇಷ್ಟ್ರು, ನಾನು. ಸುರುಳಿ ಯಾವ ಬಾಗಿಲಲ್ಲೂ ಹಿಡಿಯಲಿಲ್ಲ. ಕೊನೆಗೆ ಆಸ್ಪತ್ರೆಯ ಮುಂದಿನ ಅಂಗಳದಲ್ಲಿ, ಗುಡಿಸಿದ ಕಲ್ಲುಹಾಸಿನ ಮೇಲೆ ಹಳೆಯ ಬೆಡ್‌ಶೀಟುಗಳನ್ನು ಹಾಸಿ, ಹದಿನಾಲ್ಕು ಜನರೂ ಒಂದು ಬದಿ ಹಿಡಿದು ಉರುಳಿಸಿದರು.

ಅದು ಪೂರ್ತಿ ಬಿಚ್ಚಿ ಹರಡಿದ್ದನ್ನು ನಾವ್ಯಾರೂ ಅದುವರೆಗೆ ನೋಡಿರಲಿಲ್ಲ.

ಏನು ಹೇಳಲಿ? ಶಾಲೆ ಮಕ್ಕಳ ಸಮವಸ್ತ್ರದ ನೀಲಿ, ಯಾರದೋ ಷರಟಿನ ಪಟ್ಟೆ, ಪರದೆಗಳ ಹೂವು, ದಿಂಬಿನ ಕವರಿನ ತಿಳಿ ಹಳದಿ, ಊರಿನ ಎಲ್ಲ ಅಂಗಡಿಗಳ ಕತ್ತರಿಯಿಂದ ಉದುರಿ ಕಸದ ಬುಟ್ಟಿಗೆ ಹೋಗಬೇಕಿದ್ದದ್ದೆಲ್ಲ ಅಲ್ಲಿ ಬಿಸಿಲಿನಲ್ಲಿ ಮಲಗಿತ್ತು. ಒಂದೊಂದು ಚೀಲವನ್ನೂ ಹೊತ್ತು ತಂದವನು ನಾನು. ಅದರಲ್ಲಿ ಇಷ್ಟು ಚೆಲುವಿದೆ ಎಂದು ಗೊತ್ತಿರದೆ ಹೊತ್ತಿದ್ದೆ. ಕಾವಲುಗಾರ ಬಾಯಲ್ಲಿದ್ದ ಸೀಟಿಯನ್ನು ಊದಲು ಮರೆತ. ಮೂರೂ ಮಹಡಿಯ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಹೆತ್ತವರು, ಹೆರಬೇಕಾದವರು, ಅವರ ಅಮ್ಮಂದಿರು, ನರ್ಸುಗಳು, ಎಲ್ಲರೂ ಬಗ್ಗಿ ನೋಡತೊಡಗಿದರು. 

ಅಷ್ಟರಲ್ಲಿ ದೊಡ್ಡ ಡಾಕ್ಟರೂ ದೊಡ್ಡ ಸಿಸ್ಟರೂ ಇಳಿದು ಬಂದರು. ಸಿಸ್ಟರ ಕೈಯಲ್ಲಿ ಹೊಲಿಗೆಯ ಟೇಪಿತ್ತು. ಅವರು ಕೌದಿಯನ್ನು ನೋಡಿದರು, ತಮ್ಮ ಟೇಪನ್ನು ನೋಡಿಕೊಂಡರು.

“ಸಾರ್, ಇದೇನು?”

“ನೀವು ಹೇಳಿದ ಮೂವತ್ತು ನಲವತ್ತು!” ಎಂದೆ ಎದೆ ಉಬ್ಬಿಸಿ.

“ಅಯ್ಯೋ, ಇಂಚು ಸಾರ್! ಮೂವತ್ತು ಇಂಚು! ತೊಟ್ಟಿಲಿಗೆ! ಮಗುಗೆ!”

ಕಾಲ ಕೆಳಗಿನ ನೆಲ ಕುಸಿಯಿತು ಎಂದು ಕಥೆಗಳಲ್ಲಿ ಓದಿದ್ದೆ. ನಾನು ಸರ್ವೆಯವನು, ನೆಲ ಕುಸಿಯುವುದಿಲ್ಲ ಎಂದು ಬಲ್ಲೆ. ಆ ದಿನ ಕುಸಿಯಿತು. ಮೂರು ತಿಂಗಳು, ಹದಿನಾಲ್ಕು ಹೆಂಗಸರು, ಎಂಟು ಲಕ್ಷ ಚಿಲ್ಲರೆ ಹೊಲಿಗೆ, ನನ್ನಾಕೆಯ ಕೊನೆಯ ಅವಕಾಶ, ಎಲ್ಲವನ್ನೂ ಒಂದು ಸಹಿ ಹಾಕಿದ ಚೀಟಿಯಲ್ಲಿ ಮುಳುಗಿಸಿದ್ದೆ. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ದೊಡ್ಡ ಡಾಕ್ಟರು ಕೈ ಹಿಂದೆ ಕಟ್ಟಿಕೊಂಡರು. “ಹೋದ ಸಲ ಆರು ತಂದ್ರಿ. ಈ ಸಲ ಒಂದು. ಸಿಸ್ಟರ್, ನಾನು ಹೇಳಿರ್ಲಿಲ್ವಾ? ಮಿಲ್ಲಿನ ಹೊದಿಕೆಗೆ ಬರೆದುಬಿಡಿ.”

“ಡಾಕ್ಟ್ರೇ,” ಎಂದೆ. “ಇವರದೇನೂ ತಪ್ಪಿಲ್ಲ. ಅಳತೆ ಬರ್ಕೊಂಡಿದ್ದು ನಾನು. ಇವಳು ಕೇಳಿದ್ಳು, ಅಡಿ ಅಂತ ಹೇಳಿದ್ರಾ ಅಂತ. ನಾನೇ ಜಂಬ ಮಾಡಿದೆ. ಬೈಯೋದಿದ್ರೆ ನನಗೆ ಬೈಯಿರಿ. ಇವರ ಕೆಲಸ ಮಾತ್ರ ವಾಪಸ್ ಕಳಿಸಬೇಡಿ.”

ಮೂವತ್ತೊಂದು ವರ್ಷದ ನೌಕರಿಯಲ್ಲಿ ಅಳತೆ ತಪ್ಪಿದೆ ಎಂದು ನಾನು ಒಪ್ಪಿಕೊಂಡದ್ದು ಅದೇ ಮೊದಲು. ಮೇಷ್ಟ್ರು ಹಿಂದಿನಿಂದ ಬಂದು ನನ್ನ ತೋಳು ಹಿಡಿದುಕೊಂಡರು.

ನನ್ನಾಕೆ ನನ್ನತ್ತ ನೋಡಿದಳು. ಈ ಸಲದ ನೋಟ ಗಡಿಯಾರಕ್ಕೆ ಕೊಡುವಂಥದ್ದಲ್ಲ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಡಾಕ್ಟ್ರೇ, ತೊಟ್ಟಿಲು ಮೂವತ್ತಾರೇ ತಾನೇ ಇನ್ನೂ?”

“ಹೌದು. ಯಾಕಮ್ಮ?”

“ಒಂದೊಂದಕ್ಕೆ ಮೂರು ಸಾಕಾಗತ್ತಾ? ಒಂದು ಮಗು ಮೇಲೆ, ಒಂದು ಒಗೆಯೋಕೆ, ಒಂದು ಬೀರುವಿನಲ್ಲಿ?”

ಡಾಕ್ಟರು ಉತ್ತರ ಕೊಡುವ ಮೊದಲೇ ಅವಳು ಗೋದಾಮಿನಕ್ಕನಿಗೆ ತಲೆಯಾಡಿಸಿದಳು. ಹೆಂಗಸರು ಸಾಲಾಗಿ ಹೋಗಿ ಅಗಲದ ಬದಿಯಲ್ಲಿ, ಒಂಬತ್ತು ಕೆಂಪು ದಾರಗಳ ತುದಿಗೆ ಒಬ್ಬೊಬ್ಬರಂತೆ ಕೂತರು. ಗೋದಾಮಿನಕ್ಕ ಒಂದೊಂದು ತುದಿಯನ್ನೂ ಬಗ್ಗಿ ನೋಡಿ, “ಇದೇ ತುದಿ. ಹೂಂ, ಇದೇ,” ಎನ್ನುತ್ತ ಬಂದಳು.

“ಎಳೀರಿ,” ಎಂದಳು ನನ್ನಾಕೆ.

ಸರ್ರೆಂದು ಒಂದು ಸದ್ದಾಯಿತು. ನಲವತ್ತು ಅಡಿ ಉದ್ದಕ್ಕೂ ಕೆಂಪು ದಾರ ಕುಣಿಯುತ್ತ ಬಿಚ್ಚಿಕೊಂಡು ಬಂತು. ನನ್ನ ಕಣ್ಣೆದುರಿಗೇ ಆ ಮಹಾ ಕೌದಿ ಪಟ್ಟಿ ಪಟ್ಟಿಯಾಗಿ ಬೇರೆಯಾಯಿತು. ಹೆಂಗಸರು ಪಟ್ಟಿಗಳ ಉದ್ದಕ್ಕೂ ಬಗ್ಗಿ ನಡೆಯುತ್ತ ಮತ್ತೆ ಎಳೆದರು, ಮತ್ತೆ ಎಳೆದರು. ಒಂದೊಂದು ಎಳೆತಕ್ಕೂ ನಾಲ್ಕು ಕಡೆ ಅಂಚುಪಟ್ಟಿ ಕಟ್ಟಿದ, ಮೂಲೆ ಮಡಚಿದ, ಒಂದು ದಾರದ ಎಳೆಯೂ ಹೊರಗೆ ಕಾಣದ ಒಂದೊಂದು ಪುಟ್ಟ ಕೌದಿ! ಮೊದಲು ಮೇಲಿನ ಮಹಡಿಯಲ್ಲಿ ಯಾರೋ ಒಬ್ಬಳು ಚಪ್ಪಾಳೆ ತಟ್ಟಿದಳು. ಆಮೇಲೆ ಕಟ್ಟಡವೇ ತಟ್ಟಿತು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಮುಚ್ಚಬೇಕೆಂದು ಗೊತ್ತಿದ್ದರೂ ಆಗಲಿಲ್ಲ.

ಒಂಬತ್ತು ಪಟ್ಟಿ ಬಿಚ್ಚಿದ ಮೇಲೆ ಅವಳು ಕೈ ತೋರಿಸಿ ನಿಲ್ಲಿಸಿದಳು. “ನೂರೆಂಟು ಆಯ್ತು. ಉಳಿದ ಮೂರು ಪಟ್ಟಿ ಹಾಗೇ ಕೂಡಿಕೊಂಡಿರ್ಲಿ. ಅದು ನಮ್ಮ ಯಜಮಾನ್ರ ಅಳತೆ. ಹೊರಗೆ ಕಾಯ್ತಾ ಕೂತಿರ್ತಾರಲ್ಲ, ಅವರಿಗೆ ಹಾಸೋಕಾಗತ್ತೆ. ನೆಲ ತಣ್ಣಗಿರತ್ತೆ.”

ಏಳೂವರೆ ಅಡಿ ಅಗಲ, ನಲವತ್ತು ಅಡಿ ಉದ್ದ. ಆಸ್ಪತ್ರೆಯ ಹೊರ ವರಾಂಡಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹಾಸುವಷ್ಟರಲ್ಲಿ ಒಬ್ಬ ಅಜ್ಜಿ ಚಪ್ಪಲಿ ಬಿಟ್ಟು ಅದರ ಮೇಲೆ ಕಾಲು ಚಾಚಿ ಕೂತೇಬಿಟ್ಟಳು.

ದೊಡ್ಡ ಸಿಸ್ಟರು ನೂರೆಂಟನ್ನೂ ಅಳೆಯತೊಡಗಿದರು. ಮೂವತ್ತು ನಲವತ್ತು. ಮೂವತ್ತು ನಲವತ್ತು. ಮೂವತ್ತು ನಲವತ್ತು. ದನಿ ಒಂದೇ ಲಯದಲ್ಲಿ ಹೋಗುತ್ತಿದ್ದದ್ದು ಎಪ್ಪತ್ತೆರಡನೆಯದರಲ್ಲಿ ನಿಂತಿತು.

“ಇದು ಯಾರ್ದು? ಒಂದು ಕಡೆ ಇಪ್ಪತ್ತೆಂಟು, ಇನ್ನೊಂದು ಕಡೆ ಮೂವತ್ತೊಂದೂವರೆ. ಪಕ್ಕಕ್ಕೆ ಪಟ್ಟಿ ಬೇರೆ ಕೊಟ್ಟು ಸರಿ ಮಾಡೋಕೆ ನೋಡಿದಾರೆ. ಇದು ತೊಟ್ಟಿಲಿಗೆ ಕೂರಲ್ಲ.”

ಹದಿನಾಲ್ಕು ಹೆಂಗಸರೂ ಹದಿನಾಲ್ಕು ದಿಕ್ಕಿಗೆ ನೋಡಿದರು. ಮೇಷ್ಟ್ರು ಮಾತ್ರ ನೇರವಾಗಿ ನನ್ನನ್ನೇ ನೋಡಿದರು.

“ಅದಕ್ಕೆ ಬದಲಿ ತಂದಿದೀನಿ,” ಎಂದು ನನ್ನಾಕೆ ತನ್ನ ಕೈಚೀಲ ತೆರೆದು ಟ್ರಂಕಿನಲ್ಲಿದ್ದ ಆರರಲ್ಲಿ ಒಂದನ್ನು ತೆಗೆದುಕೊಟ್ಟಳು. ದೊಡ್ಡ ಡಾಕ್ಟರು ಅದನ್ನು ಗುರುತಿಸಿದರು. ಈ ಸಲ ಎರಡು ಬೆರಳಲ್ಲಿ ಹಿಡಿಯಲಿಲ್ಲ. ಎರಡೂ ಅಂಗೈ ಚಾಚಿ ತೆಗೆದುಕೊಂಡು, “ಇನ್ನೂ ಐದು ಇರ್ಬೇಕಲ್ಲಮ್ಮ?” ಎಂದು ಕೇಳಿದರು. ನನ್ನಾಕೆ ತಲೆಯಾಡಿಸಿದಳು.

ಬಸ್ಸಿನಲ್ಲಿ ನನ್ನ ಕೌದಿಯನ್ನು ನಾನೇ ಮಡಿಲಲ್ಲಿಟ್ಟುಕೊಂಡು ವಾಪಸು ಬಂದೆ. ಎರಡು ವರ್ಷದ ಹಿಂದೆ ಅವಳು ಕೂತು ಬಂದದ್ದು ಹೇಗಿತ್ತು ಎಂಬುದು ಆಗ ತಿಳಿಯಿತು. ಮನೆಗೆ ಬಂದವನೇ ಆ ಎರಡು ಕೋಲುಗಳಿಗೆ ಟೇಪು ಹಿಡಿದೆ. ಮೂವತ್ತು ಇಂಚು. ನಲವತ್ತು ಇಂಚು.

“ಮೊದಲ ದಿನವೇ ಗೊತ್ತಿತ್ತಾ?”

“ಮಗು ಎಷ್ಟಿರತ್ತೆ ಅಂತ ನನಗೆ ಗೊತ್ತಿರಲ್ವೇನ್ರೀ?”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಇಂಚು ಅಂದಿದ್ರೆ ನೀವು ಒಂದು ಚೀಲ ತಂದು, ಚಿಂದಿ ಅಂತ ನಕ್ಕು, ಪೇಪರ್ ಹಿಡ್ಕೊಂಡು ಕೂರ್ತಿದ್ರಿ. ಅಡಿ ಅಂತ ಬಿಟ್ಟಿದ್ದಕ್ಕೆ ಊರೆಲ್ಲ ತಿರುಗಿ ಅರವತ್ತೆರಡು ಚೀಲ ತಂದ್ರಿ.”

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವಳ ಫೋನು ಹೊಡೆದುಕೊಂಡಿತು. ಅವಳ ಕೈ ಸೋಪಿನ ನೀರಿನಲ್ಲಿತ್ತು. ನಾನೇ ತೆಗೆದುಕೊಂಡೆ.

“ಸಾರ್, ದೊಡ್ಡ ಸಿಸ್ಟರು. ಮಕ್ಕಳಿಗೆ ಟೋಪಿ ಬೇಕಿತ್ತು. ಸುತ್ತಳತೆ ಹದಿಮೂರು. ಬರ್ಕೊಂಡ್ರಾ?”

ನಾನು ಪೆನ್ನು ಹಿಡಿದು, ಕಲಿತ ಪಾಠ ಮರೆಯದೆ, ಗಟ್ಟಿಯಾಗಿ ಕೇಳಿದೆ: “ಒಂದು ನಿಮಿಷ ಸಿಸ್ಟರ್. ಹದಿಮೂರು ಏನು? ಇಂಚಾ, ಅಡಿಯಾ?”

ಹಿತ್ತಲಿನಿಂದ ನನ್ನಾಕೆಯ ದನಿ ತೇಲಿ ಬಂತು.

“ಅಡಿ ಅಂತಲೇ ಬರ್ಕೊಳ್ರೀ!”

ನಾನು ಹಾಗೆಯೇ ಬರೆದು, ಸಹಿ ಹಾಕಿ, ಸ್ಕೂಟರಿನ ಕೀಲಿ ತೆಗೆದುಕೊಂಡೆ.